ಐದೂವರೆಗೆ ನಿಲ್ಲುವ ದೋಣಿ

ಮಾರ್ಚ್ ಕೊನೆಯ ವಾರ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ. ಮಕ್ಕಳ ಪರೀಕ್ಷೆ ಮುಗಿಯುತ್ತಾ ಬಂದಿರುತ್ತದೆ. ಸಂಬಂಧಿಕರಲ್ಲಿ ಯಾರೋ ಒಬ್ಬರು ತೆಂಗಿನ ಸಾಲಿನ ನಡುವೆ ತೇಲುವ ದೋಣಿಯ ಚಿತ್ರವನ್ನು ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿರುತ್ತಾರೆ. "ನಾವು ಹನ್ನೆರಡು ಜನ ಅಲೆಪ್ಪಿಗೆ ಹೋಗೋಣ ಅಂತಿದ್ದೀವಿ ಮೇಡಂ, ಯಾವ ಹೌಸ್‌ಬೋಟ್ ಒಳ್ಳೇದು ಹೇಳಿ" ಎಂದು ಕೇಳುತ್ತಾರೆ. ಉತ್ತರ ಕೊಡುವ ಮೊದಲು ನಾನು ಎರಡು ಪ್ರಶ್ನೆ ಕೇಳುತ್ತೇನೆ. ದೋಣಿಕಟ್ಟೆಗೆ ಎಷ್ಟು ಗಂಟೆಗೆ ತಲುಪುತ್ತೀರಿ? ನಿಮ್ಮ ಪೈಕಿ ಮೊಣಕಾಲು ನೋವಿನವರು ಎಷ್ಟು ಜನ? ಈ ಎರಡು ಇತ್ಯರ್ಥವಾದರೆ ಅರ್ಧ ಯೋಜನೆ ಮುಗಿದ ಹಾಗೆ.

ಮೊದಲು ಹೊತ್ತಿನ ಮಾತು. ಕೇರಳದ ಹಿನ್ನೀರಿನಲ್ಲಿ ಒಂದು ರಾತ್ರಿಯ ಹೌಸ್‌ಬೋಟ್ ಎಂದರೆ ಸಾಮಾನ್ಯವಾಗಿ ಮಧ್ಯಾಹ್ನ 12ಕ್ಕೆ ಹತ್ತುವುದು, ಮರುದಿನ ಬೆಳಿಗ್ಗೆ 9ಕ್ಕೆ ಇಳಿಯುವುದು. ಇಪ್ಪತ್ತೊಂದು ಗಂಟೆ ನೀರಿನ ಮೇಲೆ ಸಾಗುತ್ತೇವೆಂದು ಜನ ಅಂದುಕೊಳ್ಳುತ್ತಾರೆ. ಸಂಜೆ ಐದೂವರೆ ಸುಮಾರಿಗೆ ದೋಣಿ ದಡಕ್ಕೆ ಬಂದು ಹಗ್ಗ ಕಟ್ಟಿಕೊಂಡರೆ, ಮತ್ತೆ ಅಲುಗುವುದು ಮರುದಿನ ಬೆಳಗಿನ ತಿಂಡಿಯ ಹೊತ್ತಿಗೇ. ಇರುಳು ನೀರು ಮೀನುಗಾರರದು. ಕತ್ತಲಾಗುವ ಮೊದಲು ಅವರು ಬಲೆ ಹಾಸುತ್ತಾರೆ, ದೊಡ್ಡ ದೋಣಿಯ ಚಕ್ರಕ್ಕೆ ಬಲೆ ಸಿಕ್ಕಿದರೆ ಒಂದು ಸಂಸಾರದ ವಾರದ ದುಡಿಮೆ ಹೋಯಿತು. ಮಧ್ಯಾಹ್ನ ಊಟಕ್ಕೆಂದು ಇನ್ನೊಂದು ಗಂಟೆ ಎಲ್ಲಾದರೂ ನಿಲ್ಲಿಸುತ್ತಾರೆ. ಕೂಡಿ ಕಳೆದರೆ ದೋಣಿ ನಿಜವಾಗಿ ಸಾಗುವುದು ನಾಲ್ಕೂವರೆ ಗಂಟೆ, ಬೆಳಿಗ್ಗೆಯದು ಸೇರಿದರೆ ಐದೂವರೆ.

ಇದು ಗೊತ್ತಿಲ್ಲದೆ ಹತ್ತು ವರ್ಷದ ಹಿಂದೆ ನಾವು ಮೈಸೂರಿನಿಂದ ಎರಡು ಕಾರಿನಲ್ಲಿ ಹೊರಟಿದ್ದೆವು. ಕೊಚ್ಚಿಯಲ್ಲಿ ಏಲಕ್ಕಿ, ಕರಿಮೆಣಸು ಕೊಳ್ಳುವ ಆಸೆಗೆ ಇಳಿದು, ಆಮೇಲೆ ಹೆದ್ದಾರಿಯ ವಾಹನ ಸಾಲಿಗೆ ಸಿಕ್ಕಿ, ದೋಣಿ ಹತ್ತುವಾಗ ಮೂರೂ ಮುಕ್ಕಾಲು. ಅಡುಗೆಯವರು ಮಾಡಿಟ್ಟ ಸಾರು ಆರಿ ಕೆನೆಗಟ್ಟಿತ್ತು. ಹಸಿದಿದ್ದ ನಾವು ಉಂಡು, ಕೈ ತೊಳೆದು, ಮುಂಭಾಗದ ಕುರ್ಚಿಗೆ ಬಂದು ಕೂರುವುದಕ್ಕೂ ದೋಣಿ ದಡಕ್ಕೆ ತಿರುಗುವುದಕ್ಕೂ ಸರಿಹೋಯಿತು. ಎಂಟು ವರ್ಷದ ಅಕ್ಕನ ಮಗ, "ಚಿಕ್ಕಮ್ಮಾ, ದೋಣಿ ಕೆಟ್ಟೋಯ್ತಾ?" ಎಂದು ಕೇಳಿದ. ಅವನ ಮುಖದಲ್ಲಿದ್ದ ನಿರಾಸೆ ಇವತ್ತಿಗೂ ನನ್ನ ಕಣ್ಣಮುಂದಿದೆ. ಅವನಿಗೆ ತಿಂಗಳಿಡೀ ದೋಣಿಯ ಕಥೆ ಹೇಳಿ ಕರೆತಂದವಳು ನಾನೇ.

ಆ ಹುಡುಗನ ಮಾತಿನಲ್ಲಿದ್ದ 'ಕೆಟ್ಟು' ಎಂಬ ಶಬ್ದ ಅಲ್ಲಿಯ ದೋಣಿಯ ಹೆಸರಿನಲ್ಲೇ ಇದೆ ಎಂದು ತಿಳಿದದ್ದು ಆಮೇಲೆ. ಹೌಸ್‌ಬೋಟ್‌ನ ಮೂಲರೂಪ ಕೆಟ್ಟುವಳ್ಳಂ. ಮಲಯಾಳದಲ್ಲಿ ಕೆಟ್ಟು ಎಂದರೆ ನಮ್ಮ ಕಟ್ಟು, ವಳ್ಳಂ ಎಂದರೆ ದೋಣಿ. ಕಟ್ಟಿದ ದೋಣಿ. ಅಲ್ಲಿ ಆಂಜಿಲಿ ಎನ್ನುವ, ನಮ್ಮ ಮಲೆನಾಡಿನ ಹೆಬ್ಬಲಸಿನ ಮರದ ಹಲಗೆಗಳನ್ನು ಒಂದಕ್ಕೊಂದು ಕೂಡಿಸಿ, ಮೊಳೆ ಬಡಿಯದೆ, ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರು. ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆ ಬಳಿದರೆ ಮರ ಕಪ್ಪಾಗಿ ಹೊಳೆಯುತ್ತಿತ್ತು, ತಲೆಮಾರುಗಟ್ಟಲೆ ಬಾಳುತ್ತಿತ್ತು. ಅಲೆಪ್ಪಿ ಸುತ್ತಲಿನ ಕುಟ್ಟನಾಡಿನ ಭತ್ತ, ತೆಂಗು, ಸಂಬಾರ ಪದಾರ್ಥಗಳನ್ನು ಕೊಚ್ಚಿ ಬಂದರಿಗೆ ಸಾಗಿಸಿದ್ದು ಈ ದೋಣಿಗಳೇ. ದೊಡ್ಡವು ಒಂದೊಂದು ಮೂವತ್ತು ಟನ್‌ವರೆಗೆ ಹೊರುತ್ತಿದ್ದವು. ರಸ್ತೆ, ಸೇತುವೆ ಬಂದಮೇಲೆ ಲಾರಿ ಆ ಕೆಲಸ ಕಿತ್ತುಕೊಂಡಿತು, ದೋಣಿಗಳು ದಡದಲ್ಲಿ ಕೊಳೆಯತೊಡಗಿದವು. 1990ರ ದಶಕದಲ್ಲಿ ಅವುಗಳ ಮೇಲೆ ಬಿದಿರು, ಚಾಪೆಯ ಮಾಡು ಕಟ್ಟಿ ಪ್ರವಾಸಿಗರನ್ನು ಹತ್ತಿಸುವ ಉಪಾಯ ಹೊಳೆಯಿತು. ಈಗ ಸಾವಿರಕ್ಕೂ ಹೆಚ್ಚು ಹೌಸ್‌ಬೋಟ್‌ಗಳು ಆ ನೀರಿನಲ್ಲಿ ಓಡಾಡುತ್ತವೆ. ಹೊಸದಾಗಿ ಕಟ್ಟಿದವುಗಳಲ್ಲಿ ಹಲವು ಎರಡು ಅಂತಸ್ತಿನವು, ಗಾಜಿನ ಕಿಟಕಿಯವು. ನನಗೆ ಇಷ್ಟವಾಗುವುದು ಈಗಲೂ ಹಳೆಯ ನಮೂನೆಯ ಒಂದೇ ಅಂತಸ್ತಿನ, ಚಾಪೆ ಮಾಡಿನ ದೋಣಿ. ನೀರಿಗೆ ಹತ್ತಿರ ಕೂರಬಹುದು. ವಯಸ್ಸಾದವರು ಕಡಿದಾದ ಏಣಿ ಹತ್ತುವ ಗೋಜಿಲ್ಲ. ನನ್ನ ಎರಡನೆಯ ಪ್ರಶ್ನೆ ಅದಕ್ಕೇ.

ನಮ್ಮ ಎರಡನೆಯ ಪ್ರವಾಸ ಹೋದ ವರ್ಷ ಏಪ್ರಿಲ್‌ನಲ್ಲಿ. ಹನ್ನೊಂದು ಜನ. ಅಮ್ಮ, ಅಕ್ಕ, ಭಾವ, ಅವರ ಮಗ, ನಮ್ಮ ಮನೆಯ ಮೂವರು, ಕಾಲೇಜಿನ ದಿನಗಳಿಂದ ಜೊತೆಗಿರುವ ಗೆಳತಿ, ಅವಳ ಗಂಡ, ಇಬ್ಬರು ಮಕ್ಕಳು. ಯೋಜನೆಗೆ ಕೂತ ಮೊದಲ ಸಂಜೆಯೇ ದುಡ್ಡಿನ ಮಾತು ಬಂತು. ಹೌಸ್‌ಬೋಟ್‌ನ ಬಾಡಿಗೆ ಇಡೀ ದೋಣಿಗೆ. ಸ್ರಾಂಗ್ ಎಂದು ಕರೆಯುವ ಚಾಲಕ, ಎಂಜಿನ್ ನೋಡಿಕೊಳ್ಳುವವರು, ಅಡುಗೆಯವರು, ಮೂರು ಹೊತ್ತಿನ ಊಟ ತಿಂಡಿ ಎಲ್ಲ ಅದರೊಳಗೇ ಬರುತ್ತದೆ. ಹೆಚ್ಚುವರಿ ಹಾಸಿಗೆ ಬೇಕಾದರೆ ಮಾತ್ರ ತಲೆಗಿಷ್ಟು ಎಂದು ಸೇರಿಸುತ್ತಾರೆ. ಇದನ್ನು ಹಂಚಿಕೊಳ್ಳುವುದು ಹೇಗೆ? ಭಾವ ತಲೆಲೆಕ್ಕ ಎಂದರು. ಗೆಳತಿ ಸುಮ್ಮನಾದಳು. ಅವಳನ್ನು ಅಡುಗೆಮನೆಗೆ ಕರೆದು ಕೇಳಿದೆ.

"ನನ್ನ ಚಿಕ್ಕವನಿಗೆ ನಾಲ್ಕು ವರ್ಷ ಕಣೇ, ಅವನು ನನ್ನ ಮಗ್ಗುಲಲ್ಲೇ ಮಲಗೋದು. ಅವನದೂ ಒಂದು ತಲೆ ಅಂದ್ರೆ ನಾನೇನು ಹೇಳ್ಲಿ?" ಎಂದಳು.

"ಹೇಳ್ಬೇಕಿತ್ತು ಕಣೇ. ಕೋಣೆ ಲೆಕ್ಕ ಹಾಕೋಣ ಬಿಡು" ಎಂದೆ. ಭಾವನಿಗೆ ವಿಷಯ ತಿಳಿಸಿದಾಗ, "ಅಯ್ಯೋ, ನನಗೆ ಹೊಳೀಲೇ ಇಲ್ಲಮ್ಮ" ಎಂದು ತಾವೇ ಕಾಗದ ತಿದ್ದಿದರು.

ನಾಲ್ಕು ಕೋಣೆ, ಮೂರು ಸಂಸಾರ. ಅಮ್ಮನ ಕೋಣೆಯ ಖರ್ಚು ಅಕ್ಕನಿಗೂ ನನಗೂ ಅರ್ಧರ್ಧ. ದಾರಿಯಲ್ಲಿ ಕೊಳ್ಳುವ ಮೀನು, ಎಳನೀರು, ಸಿಬ್ಬಂದಿಯ ಕೈಗೆ ಕೊಡುವ ಹಣಕ್ಕೆ ಬೇರೆ ಚೀಲ. ಹೊರಡುವ ಮೊದಲು ಕಾಗದದ ಮೇಲೆ ಬರೆದಿಟ್ಟ ಆ ನಾಲ್ಕು ಸಾಲು ಇಡೀ ಪ್ರವಾಸದಲ್ಲಿ ಮತ್ತೆ ಹಣದ ಮಾತೇ ಬರದಂತೆ ನೋಡಿಕೊಂಡಿತು. ಸ್ನೇಹಿತರೂ ನೆಂಟರೂ ಕೂಡಿ ಹೋಗುವಾಗ ಮನಸ್ಸು ಒಡೆಯುವುದು ಇಂಥ ಚಿಕ್ಕ ಲೆಕ್ಕಗಳಲ್ಲಿ. ಆದ್ದರಿಂದ ಇಷ್ಟು ವಿವರವಾಗಿ ಬರೆದೆ.

ಒಂದು ದೊಡ್ಡ ದೋಣಿಯೋ ಎರಡು ಸಣ್ಣವೋ ಎಂದೂ ಬಹಳ ಜನ ಕೇಳುತ್ತಾರೆ. ನಾಲ್ಕೈದು ಕೋಣೆಯವರೆಗೆ ಒಂದೇ ದೋಣಿ ಸಾಕು. ಅದಕ್ಕಿಂತ ದೊಡ್ಡ ದೋಣಿ ಕಿರಿದಾದ ತೋಡುಗಳಿಗೆ ಇಳಿಯಲಾರದು, ಅಗಲ ನೀರಿನಲ್ಲೇ ಸುತ್ತುತ್ತದೆ. ಹಿನ್ನೀರಿನ ಚೆಲುವೆಲ್ಲ ಇರುವುದು ತೋಡಿನ ಬದಿಯ ಮನೆಗಳಲ್ಲಿ, ಮೆಟ್ಟಿಲ ಮೇಲೆ ಪಾತ್ರೆ ತೊಳೆಯುವ ಹೆಂಗಸರಲ್ಲಿ, ಅಂಗಳದಿಂದ ನೇರ ದೋಣಿಗೆ ಕಾಲಿಡುವ ಶಾಲೆಯ ಮಕ್ಕಳಲ್ಲಿ. ಕಾಲುವೆಗೆ ತೋಡು ಎನ್ನುವ ಶಬ್ದ ನಮ್ಮ ಕರಾವಳಿಯವರಿಗೂ ಹೊಸದಲ್ಲ. ಆದರೆ ಇಲ್ಲಿ ಇನ್ನೊಂದು ಮಾತು ಹೇಳಬೇಕು. ಆ ಮೆಟ್ಟಿಲುಗಳು ಅವರ ಬಚ್ಚಲು, ಆ ನೀರು ಅವರ ಬೀದಿ. ದೊಡ್ಡ ಕ್ಯಾಮೆರಾ ಹಿಡಿದು ಅವರ ಸ್ನಾನದ ಹೊತ್ತನ್ನು ಸೆರೆಹಿಡಿಯುವುದು ನಮ್ಮ ಮನೆಯ ಬಚ್ಚಲಿಗೆ ಯಾರೋ ಇಣುಕಿದಂತೆಯೇ. ನಮ್ಮ ದೋಣಿಯಲ್ಲಿ ತೋಡಿಗೆ ಇಳಿದಾಗ ಫೋನು ಕೆಳಗಿಡಬೇಕೆಂದು ಮಕ್ಕಳಿಗೆ ಹೇಳಿದೆವು. ಅವರು ಕೈಬೀಸಿದರು, ದಡದ ಮಕ್ಕಳೂ ಕೈಬೀಸಿದರು.

ಬೇಸಿಗೆಯಲ್ಲಿ ಹೋಗಬಹುದೇ ಎಂಬ ಅನುಮಾನ ಸಹಜ. ಹಿನ್ನೀರಿಗೆ ಹಿತವಾದ ಕಾಲ ನವೆಂಬರ್‌ನಿಂದ ಫೆಬ್ರುವರಿ. ಏಪ್ರಿಲ್‌, ಮೇ ತಿಂಗಳಲ್ಲಿ ಬೆವರು ಆರುವುದಿಲ್ಲ, ಮೈಸೂರು ಬೆಂಗಳೂರಿನ ಒಣ ಬಿಸಿಲಿಗೆ ಒಗ್ಗಿದವರಿಗೆ ಆ ಹಸಿ ಸೆಖೆ ಬೇರೆಯೇ. ಆದರೆ ಮಕ್ಕಳಿಗೆ ರಜೆ ಸಿಗುವುದು ಆಗಲೇ, ಮೂರು ಮನೆಯವರು ಒಟ್ಟಿಗೆ ಬಿಡುವಾಗುವುದೂ ಆಗಲೇ. ಡಿಸೆಂಬರ್ ಕೊನೆಯ ನೂಕುನುಗ್ಗಲಿಗೂ ದರಕ್ಕೂ ಹೋಲಿಸಿದರೆ ಬೇಸಿಗೆಯೇ ಕೈಗೆಟಕುತ್ತದೆ. ಹೋಗುವುದಾದರೆ ಏಪ್ರಿಲ್ ಮೊದಲ ಭಾಗವೇ ಮೇಲು. ಮೇ ಸಮೀಪಿಸಿದಂತೆ ಮಧ್ಯಾಹ್ನದ ಮೇಲೆ ಗುಡುಗು ಮಿಂಚಿನ ಮಳೆ ಹೆಚ್ಚುತ್ತದೆ, ಜೂನ್ ಹೊತ್ತಿಗೆ ಮುಂಗಾರೇ ಬಂದುಬಿಡುತ್ತದೆ. ಏಪ್ರಿಲ್ ಮಧ್ಯದ ವಿಷು ಹಬ್ಬದ ದಿನ ಮಾತ್ರ ಬೇಡ. ಅಡುಗೆಯವರೂ ಸ್ರಾಂಗರೂ ಅಂದು ತಮ್ಮ ಮಕ್ಕಳ ಜೊತೆ ಹಬ್ಬದ ಬೆಳಗಿನ ಕಣಿ ನೋಡಲಿ.

ಎ.ಸಿ. ಬಗ್ಗೆ ಸ್ಪಷ್ಟವಾಗಿ ಕೇಳಿಕೊಳ್ಳಿ. ಜಾಹೀರಾತಿನಲ್ಲಿ ಎ.ಸಿ. ಕೋಣೆ ಎಂದಿದ್ದರೂ ಬಹಳಷ್ಟು ದೋಣಿಗಳಲ್ಲಿ ಅದು ನಡೆಯುವುದು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮಾತ್ರ. ಹಗಲಿಗೂ ಬೇಕೆಂದರೆ ದರ ಬೇರೆ. ನಮ್ಮ ಅಮ್ಮನಿಗೆ 74 ವರ್ಷ, ರಕ್ತದೊತ್ತಡ ಬೇರೆ ಇದೆ. ಮಧ್ಯಾಹ್ನ ಉಂಡಮೇಲೆ ಎರಡು ಗಂಟೆ ತಂಪಾಗಿ ಮಲಗಲು ಅವಳ ಒಂದು ಕೋಣೆಗೆ ಹಗಲಿನ ಎ.ಸಿ. ಕೊಡಿ ಎಂದು ಫೋನಿನಲ್ಲೇ ಮಾತಾಡಿಕೊಂಡೆವು, ಸ್ವಲ್ಪ ಹೆಚ್ಚು ಕೊಟ್ಟೆವು. ಉಳಿದವರು ಗಾಳಿಗೆ ಕೂತೆವು. ದೋಣಿ ಸಾಗುತ್ತಿದ್ದರೆ ಏಪ್ರಿಲ್‌ನಲ್ಲೂ ನೀರಿನ ಮೇಲಿನ ಗಾಳಿ ಸಾಕಾಗುತ್ತದೆ. ನಿಂತಾಗಲೇ ಸೆಖೆ.

ಹೊತ್ತಿಗೆ ತಲುಪುವ ವಿಚಾರದಲ್ಲಿ ಈ ಸಲ ಪಾಠ ಕಲಿತಿದ್ದೆವು. ಬೆಂಗಳೂರಿನಿಂದ ರಾತ್ರಿ ರೈಲಿಗೆ ಎರ್ನಾಕುಲಂ, ಅಲ್ಲಿಂದ ರಸ್ತೆಯಲ್ಲಿ ಆಲಪ್ಪುಳ. ಅಲೆಪ್ಪಿಯ ಈಗಿನ ಅಧಿಕೃತ ಹೆಸರು ಅದೇ. ಮಂಗಳೂರಿನವರಿಗೆ ಇನ್ನೂ ಅನುಕೂಲ, ಮಾವೇಲಿ ಎಕ್ಸ್‌ಪ್ರೆಸ್ ಆಲಪ್ಪುಳದ ಮೇಲೆಯೇ ಹೋಗುತ್ತದೆ. ರೈಲಿನ ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನಕ್ಕೆ ಇಳಿದಿದೆ, ಏಪ್ರಿಲ್ ಪ್ರವಾಸಕ್ಕೆ ಫೆಬ್ರುವರಿಯಲ್ಲೇ ಕೂರಬೇಕು. ಆಲಪ್ಪುಳ ತಲುಪಿದ ಬೆಳಿಗ್ಗೆ ಒಂದು ಸಾಧಾರಣ ಲಾಡ್ಜ್‌ನಲ್ಲಿ ಎರಡು ಕೋಣೆ ಹಿಡಿದು ಮಿಂದು, ತಿಂಡಿ ತಿಂದು, ಹನ್ನೊಂದೂವರೆಗೆ ಫಿನಿಷಿಂಗ್ ಪಾಯಿಂಟ್‌ನಲ್ಲಿದ್ದೆವು. ದೋಣಿಕಟ್ಟೆಗೆ ಆ ಹೆಸರು ಬಂದದ್ದು ಪುನ್ನಮಡ ಕಾಯಲಿನಲ್ಲಿ, ಅಂದರೆ ಹಿನ್ನೀರ ಸರೋವರದಲ್ಲಿ, ನಡೆಯುವ ನೆಹರೂ ಟ್ರೋಫಿ ದೋಣಿ ಸ್ಪರ್ಧೆಯಿಂದ. 1952ರಲ್ಲಿ ನೆಹರೂ ಅಲ್ಲಿಗೆ ಬಂದಾಗ ಅವರಿಗಾಗಿ ನಡೆದ ಹಾವುದೋಣಿಗಳ ಓಟ ಆಮೇಲೆ ವರ್ಷವರ್ಷದ ಸ್ಪರ್ಧೆಯಾಯಿತು, ಅದು ಮುಗಿಯುವುದು ಅಲ್ಲಿ. ಅಕ್ಕನ ಮಗನಿಗೆ ಈಗ ಹದಿನೆಂಟು. ಗಡಿಯಾರ ನೋಡಿ, "ಚಿಕ್ಕಮ್ಮ, ಈ ಸಲ ಅರ್ಧ ಗಂಟೆ ಮುಂಚೆ" ಎಂದ. ಮರೆತಿರಲಿಲ್ಲ ಅವನು.

ದೋಣಿ ಹತ್ತುವ ಮೊದಲು ನಾನು ನೋಡುವ ಸಂಗತಿಗಳಿವೆ, ಅವುಗಳಲ್ಲಿ ರಿಯಾಯಿತಿ ಇಲ್ಲ. ಜೀವರಕ್ಷಕ ಜಾಕೆಟ್ ಹನ್ನೊಂದು ಜನಕ್ಕೂ ಇದೆಯೇ, ನಾಲ್ಕು ವರ್ಷದ ಮಗುವಿಗೆ ಹೊಂದುವ ಸಣ್ಣದು ಇದೆಯೇ. ಪರವಾನಗಿಯ ಪ್ರತಿ ಗೋಡೆಯ ಮೇಲಿದೆಯೇ, ಅದರಲ್ಲಿ ಎಷ್ಟು ಜನಕ್ಕೆ ಅನುಮತಿ ಎಂದು ಬರೆದಿದೆ. ಅಡುಗೆ ಅನಿಲದ ಸಿಲಿಂಡರ್ ಎಲ್ಲಿಟ್ಟಿದ್ದಾರೆ, ಬೆಂಕಿ ಆರಿಸುವ ಉಪಕರಣ ಎಲ್ಲಿದೆ. ಮದುವೆ ಮನೆಯಲ್ಲಿ ಲೆಕ್ಕ ಕೇಳಿದ ಹಾಗೆ ಸಂಕೋಚ ಪಡಬೇಕಿಲ್ಲ. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ರಜೆಯ ಭಾನುವಾರ ಸಂಜೆ ಕತ್ತಲಾದ ಮೇಲೂ ಹೊರಟ, ಮಿತಿಮೀರಿ ಜನ ತುಂಬಿದ ವಿಹಾರ ದೋಣಿ ಮಗುಚಿ 22 ಜನ ಸತ್ತರು, ಅವರಲ್ಲಿ ಅನೇಕರು ಮಕ್ಕಳು. ಅದಕ್ಕೂ ಮೊದಲು, 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ 45 ಜನ ಹೋದರು. ಪ್ರಾಣಿಗಳನ್ನು ನೋಡಲು ಜನ ಒಂದೇ ಬದಿಗೆ ನುಗ್ಗಿದಾಗ ದೋಣಿ ವಾಲಿತೆಂದು ಆಗ ವರದಿಯಾಗಿತ್ತು. ಎರಡೂ ಹೌಸ್‌ಬೋಟ್‌ಗಳಲ್ಲ, ನಿಜ. ಆದರೆ ನೀರು ಒಂದೇ. ಸೂರ್ಯಾಸ್ತದ ಚಿತ್ರಕ್ಕಾಗಿ ಇಡೀ ಬಳಗ ಮೇಲಂತಸ್ತಿನ ಒಂದು ಮೂಲೆಗೆ ಸೇರುವುದನ್ನು ನೋಡಿದಾಗಲೆಲ್ಲ ನನ್ನ ಎದೆ ಹೊಡೆದುಕೊಳ್ಳುತ್ತದೆ. "ಇನ್ನರ್ಧ ಗಂಟೆ ಓಡಿಸಿ, ಹೆಚ್ಚಿಗೆ ಕೊಡ್ತೀವಿ" ಎಂದು ಸಂಜೆ ಸ್ರಾಂಗರನ್ನು ಒತ್ತಾಯಿಸುವವರೂ ಇದ್ದಾರೆ. ದಯವಿಟ್ಟು ಬೇಡ. ಕುಡಿದು ದೋಣಿಯ ಅಂಚಿನಲ್ಲಿ ಕೂರುವುದಂತೂ ಬೇಡವೇ ಬೇಡ.

ಊಟದ ವಿಷಯದಲ್ಲಿ ಚಿಂತೆ ಬೇಡ. ದೋಣಿಯ ಹಿಂಭಾಗದ ಪುಟ್ಟ ಅಡುಗೆಮನೆಯಿಂದ ಕುಚ್ಚಲಕ್ಕಿ ಅನ್ನ, ಅವಿಯಲ್, ತೋರನ್, ಸಾಂಬಾರು, ಹಪ್ಪಳ, ಕರಿದ ಕರಿಮೀನು ಬರುತ್ತವೆ. ಮೈತುಂಬ ಚುಕ್ಕೆಯ, ಅಂಗೈಯಗಲದ ಈ ಕರಿಮೀನು ಕೇರಳದ ರಾಜ್ಯಮೀನು. ಮಸಾಲೆ ಬಳಿದು ಬಾಳೆಯೆಲೆಯಲ್ಲಿ ಸುತ್ತಿ ಸುಟ್ಟರೆ ಕರಿಮೀನ್ ಪೊಳ್ಳಿಚ್ಚದ್. ದಾರಿಯಲ್ಲಿ ಮೀನಿನ ಅಂಗಡಿಗೆ ದೋಣಿ ನಿಲ್ಲಿಸಿದರೆ ತೂಕಕ್ಕೆ ಎಷ್ಟು ಎಂದು ಮೊದಲೇ ಕೇಳಿ, ಅಲ್ಲಿ ಬೆಲೆ ಪ್ರವಾಸಿಯ ಮುಖ ನೋಡಿ ಏರುತ್ತದೆ. ನಮ್ಮ ಅಮ್ಮ, ಅಕ್ಕ ಸಸ್ಯಾಹಾರಿಗಳು. ಬೇರೆ ಬಾಣಲೆ, ಬೇರೆ ಎಣ್ಣೆ ಬೇಕೆಂದು ಮೂರು ದಿನ ಮೊದಲೇ ಹೇಳಿದ್ದೆವು. ಅಡುಗೆಯ ಚೇಟ್ಟ, ಅಂದರೆ ಅಣ್ಣ, ಹೊಸ ಬಾಣಲೆಯನ್ನೇ ತಂದು ಅಮ್ಮನಿಗೆ ತೋರಿಸಿದರು. ಅನ್ನ ಮಾತ್ರ ಅವಳಿಗೆ ಒಗ್ಗಲಿಲ್ಲ, ಎರಡನೆಯ ಹೊತ್ತಿಗೆ ಬೆಳ್ತಿಗೆ ಅಕ್ಕಿ ಮಾಡಿಸಿಕೊಂಡೆವು. ವಯಸ್ಸಾದವರಿದ್ದರೆ ಇಂಥದ್ದನ್ನೂ ಮೊದಲೇ ಹೇಳುವುದು ಲೇಸು.

ಈಗ ಐದೂವರೆಯ ನಂತರದ ಮಾತು. ನಾನು ಈ ಬರಹ ಬರೆಯಲು ಕೂತದ್ದೇ ಅದಕ್ಕಾಗಿ. ದೋಣಿ ನಿಂತಮೇಲೆ ಹದಿನಾಲ್ಕೂವರೆ ಗಂಟೆ ಉಳಿಯುತ್ತದೆ, ಅದೇ ಪ್ರವಾಸದ ದೊಡ್ಡ ಪಾಲು. ಅದು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಕಾಯ್ದಿರಿಸುವಾಗ ಕೇಳುವವರೇ ಕಡಿಮೆ. ಕೇಳದಿದ್ದರೆ ಹತ್ತಾರು ದೋಣಿಗಳ ಸಾಲಿನಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಲ್ಲುವ ಕಡೆ ನಿಮ್ಮದೂ ನಿಲ್ಲಬಹುದು. ಪಕ್ಕದ ದೋಣಿಯ ಜನರೇಟರ್ ಹೊಗೆ, ಅದರಾಚೆಯ ದೋಣಿಯ ಧ್ವನಿವರ್ಧಕದ ಹಾಡು, ನಿಮಗೆ ಕಾಣುವುದು ಇನ್ನೊಬ್ಬರ ಕೋಣೆಯ ಕಿಟಕಿ. ನಮ್ಮ ಮೊದಲ ಪ್ರವಾಸದ ರಾತ್ರಿ ಹಾಗೇ ಹೋಯಿತು. ಈ ಸಲ ಫೋನಿನಲ್ಲಿ ನಾನು ಕೋಣೆಯ ಚಿತ್ರ ಕೇಳುವುದಕ್ಕಿಂತ ಮೊದಲು ಇದನ್ನೇ ಕೇಳಿದೆ. ಗದ್ದೆಯ ಬದುವಿಗೆ ನಿಲ್ಲಿಸುತ್ತೀರಾ? ಇಳಿದು ನಡೆಯಲು ಜಾಗವಿದೆಯೇ? ಸುತ್ತ ಬೇರೆ ದೋಣಿ ಎಷ್ಟು? ಇಬ್ಬರು ಮಾಲೀಕರು ಸರಿಯಾಗಿ ಉತ್ತರಿಸಲಿಲ್ಲ. ಮೂರನೆಯವರು, ಕೈನಕರಿ ಕಡೆ ನಮ್ಮ ಸ್ರಾಂಗರ ಮನೆ ಹತ್ತಿರವೇ ನಿಲ್ಲಿಸ್ತೀವಿ ಎಂದರು. ಅವರಿಗೇ ಮುಂಗಡ ಕೊಟ್ಟೆವು.

ದೋಣಿ ನಿಂತದ್ದು ಮೂರಾಳು ಅಗಲದ ಒಂದು ಬದುವಿಗೆ. ಬದುವಿನ ಒಂದು ಬದಿ ನದಿ, ತುಂಬಿ ನಿಂತಿದೆ. ಇನ್ನೊಂದು ಬದಿ ಗದ್ದೆ, ನದಿಯ ಮಟ್ಟಕ್ಕಿಂತ ಒಂದಾಳು ಕೆಳಗೆ. ಕೆ.ಆರ್. ಪೇಟೆ ಕಡೆಯ ಗದ್ದೆ ಮನೆತನದಲ್ಲಿ ಹುಟ್ಟಿದ ಅಮ್ಮ ಹಲಗೆ ದಾಟಿ ಇಳಿದವಳು ಅಲ್ಲೇ ನಿಂತುಬಿಟ್ಟಳು. ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ನೋಡಿದಳು. "ನೀರು ಮ್ಯಾಲಿದೆ, ಗದ್ದೆ ಕೆಳಗಿದೆ. ತೂಬು ಎತ್ತಿದ್ರೆ ತಾನೇ ಹರಿಯತ್ತೆ. ಆಮೇಲೆ ಹೊರಗೆ ಕಳಿಸೋದು ಹೆಂಗಪ್ಪಾ?" ಎಂದು ಕೇಳಿದಳು. ಕುಟ್ಟನಾಡಿನ ಬೇಸಾಯದ ಮರ್ಮವನ್ನು ಅವಳು ನಿಂತ ಜಾಗದಲ್ಲೇ ಹಿಡಿದಿದ್ದಳು.

ಅಲ್ಲಿಯ ಗದ್ದೆಗಳು ಸಮುದ್ರಮಟ್ಟಕ್ಕಿಂತ ಒಂದೆರಡು ಮೀಟರು ಕೆಳಗಿವೆ. ವೆಂಬನಾಡು ಕಾಯಲಿನ ತಗ್ಗು ನೀರಿನಲ್ಲಿ ತೆಂಗಿನ ಕಂಬ ನೆಟ್ಟು, ಕೆಸರು ಮೆತ್ತಿ, ಬದು ಕಟ್ಟಿ, ಒಳಗಿನ ನೀರೆತ್ತಿ ಹೊರಗೆ ಹಾಕಿ ಮಾಡಿದ ನೆಲ ಅದು. ಹಿಂದೆ ಕಾಲಿನಿಂದ ತುಳಿಯುವ ಚಕ್ರ ಇತ್ತು, ಈಗ ವಿದ್ಯುತ್ ಪಂಪು. ಪಂಪು ನಿಂತರೆ ಗದ್ದೆ ಮತ್ತೆ ಕೆರೆ. ಈ ಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಗುರುತಿಸಿತು. ಬೇಸಿಗೆಯಲ್ಲಿ ಸಮುದ್ರದ ಉಪ್ಪುನೀರು ನುಗ್ಗದಂತೆ ಕಾಯಲಿಗೆ ಅಡ್ಡಲಾಗಿ ತಣ್ಣೀರ್‌ಮುಕ್ಕಂ ಎಂಬಲ್ಲಿ 1970ರ ದಶಕದಲ್ಲಿ ಒಂದು ಕಟ್ಟೆ ಕಟ್ಟಿದರು. ಡಿಸೆಂಬರ್ ಸುಮಾರಿಗೆ ಬಾಗಿಲು ಇಳಿಸಿದರೆ ಪುಂಜ ಎನ್ನುವ ಭತ್ತದ ಬೆಳೆಯ ಕೊಯ್ಲು ಮುಗಿಯುವವರೆಗೆ ನೀರು ಒಳಗೇ ನಿಲ್ಲುತ್ತದೆ. ಭತ್ತಕ್ಕೆ ಅದು ರಕ್ಷೆ. ನಿಂತ ನೀರಿನಲ್ಲಿ ಕೊಳೆಯೂ ನಿಲ್ಲುತ್ತದೆ, ಅಂತರಗಂಗೆಯಂತೆ ತೇಲುವ ಕಳೆ ದಡದಿಂದ ದಡಕ್ಕೆ ಹಬ್ಬುತ್ತದೆ. ಉಪ್ಪುನೀರು ಬಂದರೆ ಸಾಯುವ ಕಳೆ ಅದು. ಏಪ್ರಿಲ್‌ನಲ್ಲಿ ಹೋದವರು "ಚಿತ್ರದಲ್ಲಿ ನೀಲಿ ಇತ್ತು, ಇಲ್ಲಿ ಹಸಿರು ಗಲೀಜು" ಎಂದು ಬೇಸರಪಡುವುದುಂಟು. ಆ ಹಸಿರಿನ ಹಿಂದೆ ಒಂದು ನಾಡಿನ ಅನ್ನದ ಲೆಕ್ಕವಿದೆ ಎಂದು ತಿಳಿದರೆ ಕಣ್ಣು ಬೇರೆ ಥರ ನೋಡುತ್ತದೆ. ಬೇಸಿಗೆಯಲ್ಲಿ ಹೋದವರಿಗೆ ಸಿಗುವ ಇನ್ನೊಂದು ನೋಟ ಕೊಯ್ಲು. ನಾವು ನಿಂತ ಗದ್ದೆಯಲ್ಲಿ ಅರ್ಧ ಕೊಯ್ದಾಗಿತ್ತು, ಬದುವಿನ ಮೇಲೆ ಭತ್ತದ ರಾಶಿ. ಕೊಯ್ದ ಗದ್ದೆಗೆ ಇಳಿಸಿದ ನೂರಾರು ಬಾತುಕೋಳಿಗಳು ಉದುರಿದ ಕಾಳು ಆಯುತ್ತಿದ್ದವು.

ಸ್ರಾಂಗರಿಗೆ ಪ್ರವಾಸಿಗರ ಸಹವಾಸದಿಂದ ತುಸು ಕನ್ನಡ ಬರುತ್ತಿತ್ತು. ಪಂಪಿನ ಕಥೆಯನ್ನು ಅವರೇ ಅಮ್ಮನಿಗೆ ಹೇಳಿದರು. ಅಮ್ಮ ಕೇಳಿ, "ನಮ್ಮಲ್ಲಿ ನಾಲೆಗೆ ನೀರು ಬಿಡ್ರಪ್ಪಾ ಅಂತ ಜಗಳ. ನಿಮ್ಮಲ್ಲಿ ನೀರು ತೆಗೀರಪ್ಪಾ ಅಂತ ಜಗಳ" ಎಂದಳು. ರಾಶಿಯ ಬಳಿ ಗೋಣಿ ಹಿಡಿದಿದ್ದ ಅವಳದೇ ವಯಸ್ಸಿನ ಹೆಂಗಸೊಬ್ಬರು ನಮ್ಮನ್ನೇ ನೋಡುತ್ತಿದ್ದರು. ಅಮ್ಮ ಬಗ್ಗಿ ಒಂದು ಹಿಡಿ ಭತ್ತ ಎತ್ತಿ, ಒಂದು ಕಾಳನ್ನು ಹಲ್ಲಿನಿಂದ ಕಚ್ಚಿ ನೋಡಿ, "ನೆಲ್ಲು" ಎಂದಳು. ಅವರು ನಕ್ಕು "ನೆಲ್ಲ್" ಎಂದರು. ಅಷ್ಟೇ ಮಾತು ಇಬ್ಬರ ನಡುವೆ. ಆಮೇಲೆ ಗೋಣಿಯ ಬಾಯಿಯ ಒಂದು ತುದಿ ಅಮ್ಮನ ಕೈಗೆ ಬಂತು, ಇನ್ನೊಂದು ಅವರ ಕೈಯಲ್ಲಿ, ಅವರ ಸೊಸೆ ಮೊರದಿಂದ ತುಂಬಿದಳು. ಮಂಡಿನೋವಿನ ಅಮ್ಮ ಮೂರು ಗೋಣಿ ತುಂಬುವವರೆಗೆ ನಿಂತಿದ್ದಳು. ತುಂಬಿದ ಗೋಣಿಗಳನ್ನು ಒಂದು ಕರಿ ಮರದ ದೋಣಿಗೆ ಹಾಕಿದರು. ಕೆಟ್ಟುವಳ್ಳಂಗಳ ಹಳೆಯ ಕೆಲಸ ಅದು.

ಕತ್ತಲಾದ ಮೇಲೆ ಟಿ.ವಿ. ಹಾಕಬಾರದೆಂದು ಮೊದಲೇ ಮಾತಾಗಿತ್ತು. ಮನೆಯಿಂದ ತಂದ ಚೌಕಾಬಾರದ ಬಟ್ಟೆ ಹಾಸಿ, ಕವಡೆ ಹಾಕಿ ಕೂತೆವು. ಮಕ್ಕಳಿಗೆ ಅದು ಹೊಸದು, ಅಡುಗೆಯ ಚೇಟ್ಟ ಕೂಡ ಒಂದು ಆಟಕ್ಕೆ ಕೂತರು. ದೂರದಲ್ಲಿ ಬಲೆ ಹಾಸುವ ಪುಟ್ಟ ದೋಣಿಯ ದೀಪ ಹೊತ್ತಿ, ಆರಿ, ಮತ್ತೆ ಹೊತ್ತುತ್ತಿತ್ತು. ಸೊಳ್ಳೆ ಬಹಳ, ಬತ್ತಿಯೂ ಮೈಗೆ ಹಚ್ಚುವ ಎಣ್ಣೆಯೂ ಜೊತೆಗಿರಲಿ.

ಎಲ್ಲರ ಕೈಗೂ ಇಡೀ ದೋಣಿಯ ಬಾಡಿಗೆ ನಿಲುಕದು, ಎಲ್ಲರಿಗೂ ಅದು ಬೇಕಾಗಿಯೂ ಇಲ್ಲ. ಕೇರಳದ ರಾಜ್ಯ ಜಲಸಾರಿಗೆ ಇಲಾಖೆಯ ಸಾಮಾನ್ಯ ಬೋಟುಗಳು ಆಲಪ್ಪುಳದಿಂದ ಕುಟ್ಟನಾಡಿನ ಹಳ್ಳಿಗಳಿಗೆ ಬಸ್ಸಿನಂತೆ ಓಡುತ್ತವೆ. ಅತಿ ಕಡಿಮೆ ಟಿಕೆಟ್ಟಿನಲ್ಲಿ, ಶಾಲೆಯ ಮಕ್ಕಳ, ಮೀನು ಮಾರುವವರ ಪಕ್ಕ ಕೂತು ಅದೇ ನೀರು, ಅದೇ ತೋಡು ನೋಡಬಹುದು. ಮಂಗಳೂರು, ಪುತ್ತೂರು ಕಡೆಯವರು ಅಷ್ಟು ದೂರ ಹೋಗಬೇಕಾಗಿಯೇ ಇಲ್ಲ. ಕಾಸರಗೋಡು ಜಿಲ್ಲೆಯ ನೀಲೇಶ್ವರದ ಬಳಿ ವಲಿಯಪರಂಬ ಹಿನ್ನೀರಿದೆ, ಅಲ್ಲೂ ಹೌಸ್‌ಬೋಟ್‌ಗಳಿವೆ, ಆಲಪ್ಪುಳದ ಸಂತೆಯಿಲ್ಲ. ಒಂದು ಕಡೆ ಸಮುದ್ರ, ಒಂದು ಕಡೆ ಹಿನ್ನೀರು, ನಡುವೆ ಉದ್ದನೆಯ ಮರಳಿನ ಪಟ್ಟಿ. ಚಿಕ್ಕ ಮಕ್ಕಳಿರುವ ಮನೆಗೆ ನಾನು ಮೊದಲು ಹೇಳುವುದು ಅದನ್ನೇ. ಕಾಶ್ಮೀರದ ದಾಲ್ ಸರೋವರದ ಹೌಸ್‌ಬೋಟ್‌ಗಳೂ ಹೀಗೇ ಸಾಗುತ್ತವೆಂದು ತಿಳಿದವರಿದ್ದಾರೆ. ಅವು ನಿಂತಲ್ಲೇ ನಿಲ್ಲುವ ದೇವದಾರು ಮನೆಗಳು, ಅವುಗಳ ಲೆಕ್ಕವೇ ಬೇರೆ.

ಹೋದವರು ಹಿಂದೆ ಬಿಟ್ಟುಬರುವುದರ ಬಗ್ಗೆಯೂ ಯೋಚಿಸಬೇಕು. ವೆಂಬನಾಡು 2002ರಿಂದ ರಾಮ್ಸಾರ್ ತಾಣ, ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ. ಅದೇ ನೀರಿಗೆ ದೋಣಿಯ ಶೌಚ, ಎಣ್ಣೆ, ಪ್ಲಾಸ್ಟಿಕ್ ಸೇರುತ್ತಿರುವುದು ಅಲ್ಲಿಯ ಜನರ ಬಹುದಿನದ ಸಂಕಟ. ದೋಣಿಯ ಶೌಚದ ತೊಟ್ಟಿಯನ್ನು ಎಲ್ಲಿ ಖಾಲಿ ಮಾಡುತ್ತೀರಿ ಎಂದು ಕೇಳಿ. ಕೇಳುವವರು ಹೆಚ್ಚಾದಷ್ಟೂ ಮಾಲೀಕರು ಎಚ್ಚರವಾಗುತ್ತಾರೆ. ನಾವು ಇಪ್ಪತ್ತು ಲೀಟರಿನ ಎರಡು ಕ್ಯಾನು ಕುಡಿಯುವ ನೀರು ಹತ್ತಿಸಿಕೊಂಡಿದ್ದೆವು, ಮಕ್ಕಳಿಗೆ ಸ್ಟೀಲಿನ ಬಾಟಲಿ. ಚಿಪ್ಸ್ ಪೊಟ್ಟಣಗಳನ್ನೆಲ್ಲ ಒಂದು ಚೀಲದಲ್ಲಿ ಕಟ್ಟಿ ಮೈಸೂರಿಗೇ ತಂದೆವು.

ಬೆಳಿಗ್ಗೆ ಏಳಕ್ಕೆ ಅಪ್ಪಂ, ಮೊಟ್ಟೆಯ ಸಾರು, ಅಮ್ಮನಿಗೆ ಪುಟ್ಟು ಕಡಲೆ. ಎಂಟಕ್ಕೆ ಹಗ್ಗ ಬಿಚ್ಚಿದರು. ಬದುವಿನ ಮೇಲೆ ನಿನ್ನೆಯ ಹೆಂಗಸು ಬಂದು ನಿಂತಿದ್ದರು. ಹಳೆಯ ಪತ್ರಿಕೆಯಲ್ಲಿ ಸುತ್ತಿದ ಒಂದು ಪೊಟ್ಟಣವನ್ನು ಸೊಸೆಯ ಕೈಲಿ ದೋಣಿಗೆ ಕೊಡಿಸಿದರು. ಒಳಗೆ ಒಂದು ಸೇರಿನಷ್ಟು ಬಿತ್ತನೆಯ ಭತ್ತ. ಅಮ್ಮ ಅದನ್ನು ಸೆರಗಿನಲ್ಲಿ ಹಾಕಿಕೊಂಡು ದೋಣಿಯ ತಲೆಯಲ್ಲಿ ಕೂತಳು. ಒಂಬತ್ತಕ್ಕೆ ಫಿನಿಷಿಂಗ್ ಪಾಯಿಂಟ್ ತಲುಪಿದಾಗ ಮುಂದಿನ ಬಳಗಕ್ಕೆ ಬೇಕಾದ ತರಕಾರಿ, ಮೀನು, ನೀರಿನ ಕ್ಯಾನು ಆಗಲೇ ಕಟ್ಟೆಯ ಮೇಲೆ ಕಾಯುತ್ತಿತ್ತು. ಸಿಬ್ಬಂದಿಗೆ ಹಾಸಿಗೆ ಬದಲಿಸಿ, ಗುಡಿಸಿ, ಅಡುಗೆ ಹೂಡಲು ಇರುವುದು ಮೂರೇ ಗಂಟೆ. ಚೀಲದ ಹಣವನ್ನು ಮೂವರಿಗೂ ಸಮನಾಗಿ, ಒಬ್ಬೊಬ್ಬರ ಕೈಗೇ ಕೊಟ್ಟು ಬೇಗ ಇಳಿದೆವು. ಹಲಗೆ ದಾಟುವಾಗ ಸ್ರಾಂಗರು ಅಮ್ಮನ ಕೈ ಹಿಡಿದರು. "ಜೂನ್‌ನಲ್ಲಿ ಮಡಿ ಮಾಡಿಸ್ತೀನಿ, ಮೊಳಕೆ ಬಂದ್ರೆ ಫೋನ್ ಮಾಡಿಸ್ತೀನಪ್ಪ" ಎಂದಳು ಅಮ್ಮ, ಕನ್ನಡದಲ್ಲೇ.